ಗೊಂಬೆಯ ಹಬ್ಬಕ್ಕೊಂದು ಕಲ್ಲಿದ್ದಲ ಗಣಿ

ವಿಜಯವಾಡದ ರೈಲ್ವೆ ನಿಲ್ದಾಣದಲ್ಲಿ ಗಾಡಿಗಾಗಿ ಬಹಳ ಹೊತ್ತು ಕಾಯುವವರಿಗೆ ಕಲ್ಲಿದ್ದಲು ಹೊತ್ತ ಗೂಡ್ಸ್ ಬಂಡಿಯೊಂದು ಕಣ್ಣಿಗೆ ಬೀಳದಿರುವುದು ಅಪರೂಪ. ಆಚೆಯ ಹಳಿಯ ಮೇಲೆ ಅದು ಅವಸರವಿಲ್ಲದೆ ಬರುತ್ತದೆ. ಡಬ್ಬಿಯ ಹಿಂದೆ ಡಬ್ಬಿ, ಒಂದರಂತೆ ಮತ್ತೊಂದು, ಎಲ್ಲದರ ನೆತ್ತಿಯ ಮೇಲೂ ಕರಿಯ ದಿಬ್ಬ. ಜೊತೆಯಲ್ಲಿ ಮಕ್ಕಳಿದ್ದರೆ ಎಣಿಸಲು ತೊಡಗುತ್ತಾರೆ. ನಲವತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿ ಜಗಳ ಹತ್ತುತ್ತದೆ. ಸಾಮಾನ್ಯವಾಗಿ ಇಂಥ ಬಂಡಿಗೆ ೫೮ ಡಬ್ಬಿಗಳು. "ಇಷ್ಟು ಇದ್ದಲು ಎಲ್ಲಿಂದ ಬಂತು?" ಎಂದು ಮಗು ಕೇಳಿದರೆ ಹಿರಿಯರು "ಗಣಿಯಿಂದ" ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಮಾತನ್ನು ಒಂದಿಷ್ಟು ಮುಂದಕ್ಕೆ ಎಳೆದು, ಗಣಿಯನ್ನು ಮನೆಯ ನಡುಮನೆಗೇ ತಂದು ಕೂರಿಸುವುದು ಹೇಗೆಂಬುದನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ನಾವು ಮೈಸೂರು ಸೀಮೆಯಿಂದ ಗಂಟು ಕಟ್ಟಿಕೊಂಡು ಬಂದವರು. ಇಲ್ಲಿ ಆಂಧ್ರದ ನೆರೆಯವರಲ್ಲಿಯೂ ಬೊಮ್ಮಲ ಕೊಲುವು ಉಂಟು; ದಸರೆಯಲ್ಲಿ ಕೆಲವರು, ಸಂಕ್ರಾಂತಿಯಲ್ಲಿ ಕೆಲವರು. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ, ದೇವರು, ದಶಾವತಾರ. ಮೆಟ್ಟಿಲುಗಳ ಬುಡದಲ್ಲಿ ಮಕ್ಕಳ ರಾಜ್ಯ: ಪಾರ್ಕು, ಮೃಗಾಲಯ, ಹಳ್ಳಿ, ಸಂತೆ. ಈಚೆಗೆ ಆ ಬುಡದಲ್ಲಿ ಆಟದ ರೈಲೂ ಬಂದು ಸೇರಿದೆ. ಆದರೆ ಗುಡ್ಡವೊಂದರ ಸುತ್ತ ಗಿರಗಿರನೆ ಸುತ್ತುವ ರೈಲು ಕಾಲು ಗಂಟೆಯಲ್ಲಿ ಬೇಸರ ತರಿಸುತ್ತದೆ. ಅದಕ್ಕೆ ಹೊರಡಲು ಒಂದು ಊರು, ಮುಟ್ಟಲು ಒಂದು ಊರು, ಹೊರಲು ಒಂದು ಹೊರೆ ಬೇಕು. ವಿಜಯವಾಡ ಮತ್ತು ವಿಶಾಖಪಟ್ಟಣಗಳಲ್ಲಿರುವ ನಮಗೆ ಆ ಮೂರನ್ನೂ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಮೊದಲು ಒಂದು ವಿಷಯವನ್ನು ತಿಳಿದಿರಬೇಕು. ಈ ಎರಡು ಊರುಗಳಿಗೂ ಕಲ್ಲಿದ್ದಲು ಬರುವುದಾದರೂ ಎರಡರ ಇದ್ದಲೂ ಒಂದೇ ಅಲ್ಲ. ವಿಜಯವಾಡದ ಕಡೆ ಬರುವುದರಲ್ಲಿ ಬಹುಪಾಲು ನೆಲದ ಹಾದಿಯಿಂದ ಬಂದದ್ದು, ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳದ್ದು ಹಾಗೂ ಒಡಿಶಾದ ತಾಲ್ಚೇರ್ ಗಣಿಗಳದ್ದು. ಕೊಂಡಪಲ್ಲಿಗೆ ಸಮೀಪದ ಇಬ್ರಾಹಿಂಪಟ್ಣಂನಲ್ಲಿ ೧೯೭೯ರಲ್ಲಿ ಮೊದಲ ಘಟಕ ಆರಂಭವಾದ ಉಷ್ಣ ವಿದ್ಯುತ್ ಕೇಂದ್ರವಿದೆಯಷ್ಟೆ. ಈಗ ಅದು ನಾರ್ಲ ತಾತಾರಾವ್ ಅವರ ಹೆಸರಿನಲ್ಲಿದೆ. ಈ ಇದ್ದಲು ಅಲ್ಲಿ ಉರಿದು ನೀರನ್ನು ಉಗಿಯಾಗಿಸಿ, ಉಗಿ ಚಕ್ರವನ್ನು ತಿರುಗಿಸಿ, ವಿದ್ಯುತ್ತಾಗುತ್ತದೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಇದ್ದಲಾದರೋ ಬಹುಮಟ್ಟಿಗೆ ಹಡಗಿನಲ್ಲಿ ಬಂದದ್ದು, ಆಸ್ಟ್ರೇಲಿಯದಂಥ ದೇಶಗಳಿಂದ. ಅದನ್ನು ಗಾಳಿಯಾಡದ ಗೂಡುಗಳಲ್ಲಿ ಬೇಯಿಸಿ ಕೋಕ್ ಮಾಡಿ, ಅದುರಿನೊಂದಿಗೆ ಊದುಕುಲುಮೆಗೆ ಹಾಕುತ್ತಾರೆ. ಸಿಂಗರೇಣಿಯ ಇದ್ದಲು ಕೋಕ್ ಆಗುವ ಜಾತಿಯದಲ್ಲ. ಆ ಕಾರ್ಖಾನೆಯ ಮೂರು ಊದುಕುಲುಮೆಗಳಿಗೆ ಗೋದಾವರಿ, ಕೃಷ್ಣಾ, ಅನ್ನಪೂರ್ಣಾ ಎಂದು ಹೆಸರಿಟ್ಟಿದ್ದಾರೆ. ಬೆಂಕಿಯ ಕೊಪ್ಪರಿಗೆಗೆ ನೀರಿನ ಹೆಸರು, ಅನ್ನದ ಹೆಸರು!

ಆದುದರಿಂದ ಗಣಿಯನ್ನು ಮಾಡತಕ್ಕವರು ವಿಜಯವಾಡದಿಂದ ವಾಯವ್ಯಕ್ಕೆ ಹೋಗುವ ಹಳಿಯನ್ನು ಹಿಡಿಯಬೇಕು. ಕೊಂಡಪಲ್ಲಿ, ಮಧಿರ, ಖಮ್ಮಂ ದಾಟಿ ಡೋರ್ನಕಲ್ ಜಂಕ್ಷನ್ನು. ಅಲ್ಲಿಂದ ಕವಲೊಡೆದ ಹಾದಿ ಗಣಿಗಳ ಸೀಮೆಗೆ ಹೋಗುತ್ತದೆ. ಆ ಹಾದಿಯಲ್ಲಿ ಕೊತ್ತಗೂಡೆಂ. ಅಲ್ಲಿಯ ನಿಲ್ದಾಣಕ್ಕೆ ಭದ್ರಾಚಲಂ ರೋಡ್ ಎಂದು ಹೆಸರು. ರಾಮದರ್ಶನಕ್ಕೆ ಹೋಗುವವರೂ ಇದ್ದಲಿನ ಡಬ್ಬಿಗಳೂ ಒಂದೇ ಹಳಿಯನ್ನು ಹಂಚಿಕೊಳ್ಳುತ್ತಾರೆ. ಹೀಗಾಗುವುದಕ್ಕೆ ಮೊದಲಿನಿಂದಲೂ ನಂಟು ಇತ್ತೆಂಬಂತೆ ಆ ಕಡೆ ಒಂದು ಕಥೆ ಹೇಳುತ್ತಾರೆ: ಭದ್ರಾಚಲಕ್ಕೆ ಹೊರಟ ಯಾತ್ರಿಕರು ಯೆಲ್ಲಂದು ಬಳಿ ಅಡುಗೆಗೆಂದು ಮೂರು ಕರಿಯ ಕಲ್ಲುಗಳನ್ನು ಒಲೆ ಹೂಡಿದರಂತೆ, ಅನ್ನ ಬೇಯುವ ಮೊದಲೇ ಒಲೆಯ ಕಲ್ಲುಗಳಿಗೆ ಬೆಂಕಿ ಹತ್ತಿಕೊಂಡಿತಂತೆ. ಕಥೆಯನ್ನು ಕಥೆಯಾಗಿಯೇ ಕೇಳೋಣ. ಚರಿತ್ರೆಯ ಮಾತೆಂದರೆ, ೧೮೭೧ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಅವರು ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರು. ಅಲ್ಲಿಯ ಒಂದು ಪದರಕ್ಕೆ ಕಿಂಗ್ ಎಂಬ ಹೆಸರೇ ನಿಂತುಹೋಗಿದೆ. ೧೮೮೬ರಲ್ಲಿ ಹೈದರಾಬಾದ್ ದಖನ್ ಕಂಪೆನಿ ಅಗೆಯುವ ಹಕ್ಕು ಪಡೆಯಿತು. ನಿಜಾಮರ ಸಂಸ್ಥಾನದ ರೈಲು ೧೮೮೯ರಲ್ಲಿ ಬೆಜವಾಡವನ್ನು ಮುಟ್ಟಿತು. ಬೆಜವಾಡವೆಂದರೆ ಇಂದಿನ ವಿಜಯವಾಡವೇ. ೧೯೨೦ರ ಡಿಸೆಂಬರ್ ೨೩ರಂದು ಸಮೀಪದ ಹಳ್ಳಿಯೊಂದರ ಹೆಸರಿನಲ್ಲಿ ಸಿಂಗರೇಣಿ ಕಾಲರೀಸ್ ಕಂಪೆನಿ ಸ್ಥಾಪನೆಯಾಯಿತು. ಈಗ ಅದರಲ್ಲಿ ೫೧ ಪಾಲು ತೆಲಂಗಾಣ ಸರಕಾರದ್ದು, ೪೯ ಪಾಲು ಕೇಂದ್ರದ್ದು.

"ನಮಗೂ ಇದಕ್ಕೂ ಏನು ಸಂಬಂಧ?" ಎಂದು ಕನ್ನಡಿಗರು ಕೇಳಬಹುದು. ಕನ್ನಡ ನಾಡಿನಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ನಮ್ಮ ಗಣಿಯೆಂದರೆ ಕೋಲಾರದ ಚಿನ್ನ. ಚಾಂಪಿಯನ್ ರೀಫ್ ಗಣಿ ೩ ಕಿಲೋಮೀಟರಿಗೂ ಮಿಗಿಲಾಗಿ ಭೂಮಿಯೊಳಕ್ಕೆ ಇಳಿದಿತ್ತು, ೨೦೦೧ರಲ್ಲಿ ಆ ಗಣಿಗಳು ಮುಚ್ಚಿದವು. ಆದರೆ ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಿಂದ ವಿದ್ಯುತ್ತು ತಯಾರಿಸುತ್ತಿರುವ ಕೇಂದ್ರಕ್ಕೆ ಸಿಂಗರೇಣಿಯಿಂದಲೂ ಇದ್ದಲು ಹೋಗುತ್ತದೆ. ಎಂದರೆ ಊರಿನಲ್ಲಿ ಅಜ್ಜಿಯ ಕೋಣೆಯ ದೀಪಕ್ಕೂ, ಇಲ್ಲಿ ನಮ್ಮ ಮನೆಯ ಫ್ಯಾನಿಗೂ ಒಂದೇ ಕಣಿವೆಯ ಮಣ್ಣಿನ ಋಣ ಇರಬಹುದು. ತೆಲುಗಿನವರು ಇದನ್ನು ನಲ್ಲ ಬಂಗಾರಂ ಎನ್ನುತ್ತಾರೆ, ಕರಿಯ ಚಿನ್ನ. ಮೈಮೇಲೆ ಹಾಕಿಕೊಳ್ಳಲಾಗದ ಚಿನ್ನ.

ಇನ್ನು ಕಟ್ಟುವ ಕೆಲಸ. ಪರದೇಶದ ಅಂಗಡಿಗಳಲ್ಲಿ ಇಂಥ ಗಣಿಗಳ ಸಿದ್ಧ ಪೆಟ್ಟಿಗೆಗಳು ದೊರೆಯುತ್ತವೆ. ಅಮೆರಿಕದ್ದಾದರೆ ಬೆಟ್ಟದ ಇಳಿಜಾರಿಗೆ ಒರಗಿದ ಮರದ ದೊಡ್ಡ ಕಟ್ಟಡ. ಇಂಗ್ಲೆಂಡಿನದಾದರೆ ಬಾವಿಯ ಮೇಲೆ ಚಕ್ರ ಹೊತ್ತ ಎತ್ತರದ ಕಬ್ಬಿಣದ ಗೋಪುರ. ಕೋಲಾರದಲ್ಲಿ ಅಂಥ ಗೋಪುರಗಳನ್ನು ನೋಡಿದ ಕಣ್ಣಿಗೆ ಗಣಿಯೆಂದರೆ ಅದೇ ಎಂದು ತೋರುವುದು ಸಹಜ. ಸಿಂಗರೇಣಿಯಲ್ಲಿಯೂ ಬಾವಿಗಳಿವೆ, ಆದರೆ ಅಲ್ಲಿ ಎದ್ದು ಕಾಣುವ ಮಾತೆಂದರೆ ಇನ್‌ಕ್ಲೈನ್. ಗಣಿಗಳ ಹೆಸರಿನಲ್ಲಿಯೇ ಐದನೆಯ ಇನ್‌ಕ್ಲೈನ್, ಏಳನೆಯ ಇನ್‌ಕ್ಲೈನ್ ಎಂದು ಬರುವುದನ್ನು ಕೇಳಬಹುದು. ನೇರ ಬಾವಿಯ ಬದಲಿಗೆ ಓರೆಯಾಗಿ ನೆಲದೊಳಕ್ಕೆ ಇಳಿಯುವ ಸುರಂಗವೇ ಇನ್‌ಕ್ಲೈನು. ಬಾಯಿಗೆ ಕಲ್ಲಿನ ಕಮಾನು, ಒಳಕ್ಕೆ ಇಳಿಯುವ ಕಿರಿದಾದ ಹಳಿ, ಹಳಿಯ ನಡುವೆ ಉಕ್ಕಿನ ಹಗ್ಗ, ಹಗ್ಗಕ್ಕೆ ಕಟ್ಟಿದ ಟಬ್ಬೆಂಬ ಚಿಕ್ಕ ಬಂಡಿಗಳು, ಮೇಲೆ ಹಗ್ಗ ಸುತ್ತುವ ಯಂತ್ರದ ಮನೆ. ಈಗ ಅನೇಕ ಗಣಿಗಳಲ್ಲಿ ಟಬ್ಬುಗಳ ಕೆಲಸವನ್ನು ಓಡುವ ರಬ್ಬರು ಪಟ್ಟಿಗಳು ವಹಿಸಿಕೊಂಡಿವೆ. ಆದರೂ ಮಕ್ಕಳ ಬೆರಳಿಗೆ ದಾರ ಕಟ್ಟಿ ಎಳೆಯಲು ಟಬ್ಬಿನಂಥದು ಇನ್ನೊಂದಿಲ್ಲ.

ಅಳತೆಯ ವಿಷಯದಲ್ಲಿ ನಮಗೊಂದು ಅದೃಷ್ಟವಿದೆ. ಅಂಗಡಿಯಲ್ಲಿ ಎಚ್‌ಓ ಎಂಬ ಹೆಸರಿನಲ್ಲಿ ಸಿಗುವ ಹಳಿಯ ಎರಡು ಕಂಬಿಗಳ ನಡುವೆ ೧೬.೫ ಮಿಲಿಮೀಟರು ಅಂತರ. ಅದು ಯುರೋಪಿನ ೧,೪೩೫ ಮಿಲಿಮೀಟರಿನ ಹಳಿಯನ್ನು ೮೭ ಪಾಲು ಕುಗ್ಗಿಸಿದ್ದು. ನಮ್ಮ ದೇಶದ ಅಗಲ ಹಳಿಯೋ ೧,೬೭೬ ಮಿಲಿಮೀಟರು. ಇದನ್ನು ೧೦೦ ಪಾಲು ಕುಗ್ಗಿಸಿದರೆ ೧೬.೭೬, ಕಾಲು ಮಿಲಿಮೀಟರಿನಷ್ಟು ವ್ಯತ್ಯಾಸ, ಅದನ್ನು ಯಾವ ಅತಿಥಿಯೂ ಅಳೆಯಲಾರ. ಆದ್ದರಿಂದ ಅದೇ ಹಳಿಯನ್ನು ಕೊಂಡು ಉಳಿದುದನ್ನೆಲ್ಲ ನೂರರಲ್ಲೊಂದು ಪಾಲಿಗೆ ಮಾಡಿದರೆ ನಮ್ಮ ರೈಲು ನಮ್ಮದಾಗಿಯೇ ಕಾಣುತ್ತದೆ. ಲೆಕ್ಕವಂತೂ ಎರಡನೆಯ ತರಗತಿಯ ಮಗುವಿಗೂ ಸುಲಭ: ಒಂದು ಮೀಟರಿಗೆ ಒಂದು ಸೆಂಟಿಮೀಟರು. ಮನುಷ್ಯನ ಎತ್ತರ ೧.೭ ಸೆಂಟಿಮೀಟರು. ಕಲ್ಲಿದ್ದಲಿನ ಡಬ್ಬಿ ಉದ್ದ ೧೦.೭, ಹಳಿಯಿಂದ ಎತ್ತರ ೩.೨ ಸೆಂಟಿಮೀಟರು, ದಪ್ಪ ರಟ್ಟಿನಲ್ಲಿ ಪೆಟ್ಟಿಗೆ ಮಾಡಿ ಕೊಂಡ ಚಕ್ರಗಳ ಮೇಲೆ ಕೂರಿಸಬಹುದು. ೫೮ ಡಬ್ಬಿಗಳನ್ನೂ ಮಾಡಹೊರಟರೆ ಬಂಡಿ ಆರು ಮೀಟರು ದಾಟಿ ಅಡುಗೆಮನೆಯನ್ನು ಹೊಗುತ್ತದೆ. ಆರೋ ಎಂಟೋ ಸಾಕು. ಬಡಗಿಯಿಂದ ೧೨೦ ಸೆಂಟಿಮೀಟರು ಉದ್ದ, ೬೦ ಸೆಂಟಿಮೀಟರು ಅಗಲದ ಪ್ಲೈವುಡ್ ಹಲಗೆಯನ್ನು ಕೊಯ್ಯಿಸಿಕೊಂಡರೆ ಅಷ್ಟೇ ಮೀಟರಿನ ಭೂಮಿಗೆ ತಾವು ಒಡೆಯರಾದಂತೆ, ನೋಂದಣಿಯ ಖರ್ಚಿಲ್ಲದೆ.

ಸಾಮಗ್ರಿಗಾಗಿ ಎರಡು ಸಣ್ಣ ಪ್ರಯಾಣಗಳನ್ನು ಮಾಡುವುದು ಒಳ್ಳೆಯದು. ಒಂದು ಕೊಂಡಪಲ್ಲಿಗೆ, ಇನ್ನೊಂದು ಏಟಿಕೊಪ್ಪಾಕಕ್ಕೆ.

ಕೊಂಡಪಲ್ಲಿ ವಿಜಯವಾಡದಿಂದ ಸುಮಾರು ೨೦ ಕಿಲೋಮೀಟರು. ಗುಡ್ಡದ ಮೇಲೆ ಹಳೆಯ ಕೋಟೆ. ೧೬ನೆಯ ಶತಮಾನದ ಆರಂಭದಲ್ಲಿ ಶ್ರೀ ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯಲ್ಲಿ ಈ ಕೋಟೆಯನ್ನು ಗೆದ್ದು, ಮುಂದೆ ವಿಶಾಖಪಟ್ಟಣದ ಬಳಿಯ ಸಿಂಹಾಚಲದವರೆಗೆ ಹೋಗಿ ಅಲ್ಲಿ ಶಾಸನ ಬರೆಯಿಸಿದನು. ಎಂದರೆ ಈ ಎರಡು ಊರುಗಳ ನಡುವಿನ ಹಾದಿಯಲ್ಲಿ ನಮಗಿಂತ ಮೊದಲೇ ನಮ್ಮ ಕಡೆಯವರು ನಡೆದಿದ್ದಾರೆ. ಕೋಟೆಯ ಕೆಳಗಿನ ಬೀದಿಯಲ್ಲಿ ಗೊಂಬೆ ಮಾಡುವವರ ಮನೆಗಳು. ಅಂಬಾರಿ ಹೊತ್ತ ಆನೆ ಅವರ ಕೈಯ ಪ್ರಸಿದ್ಧ ಗೊಂಬೆ. ಅದನ್ನು ಕಂಡ ಮೈಸೂರಿನವರಿಗೆ ತವರಿನ ನೆನಪಾಗದೆ ಇರದು. ತಮ್ಮ ಪೂರ್ವಿಕರು ರಾಜಸ್ಥಾನದಿಂದ ವಲಸೆ ಬಂದವರೆಂದು ಆ ಕುಶಲಿಗಳು ಹೇಳಿಕೊಳ್ಳುತ್ತಾರೆ. ವಲಸೆ ಬಂದವರು ಬಂದ ನೆಲದ ಮರವನ್ನೇ ನಂಬಿ ನೆಲದ ಹೆಸರನ್ನೇ ಬೆಳಗಿಸಿದ ಈ ಉದಾಹರಣೆ ನಮ್ಮಂಥವರ ಮನಸ್ಸಿಗೆ ಹತ್ತಿರವಾದದ್ದು.

ಅವರು ಬಳಸುವ ಮರದ ಹೆಸರು ತೆಲ್ಲ ಪೊಣಿಕಿ. ಬೆಳ್ಳಗೆ, ಬೆಂಡಿನಂತೆ ಹಗುರ. ಉಗುರೂರಿದರೆ ಗುರುತು ಮೂಡುವಷ್ಟು ಮೃದು. ಮರವನ್ನು ಹದವಾದ ಶಾಖದಲ್ಲಿ ಒಣಗಿಸಿ, ಕೈಕಾಲು ತಲೆಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಪುಡಿಯನ್ನೂ ಮರದ ಹೊಟ್ಟನ್ನೂ ಕಲಸಿದ ಮಕ್ಕು ಎಂಬ ಅಂಟಿನಿಂದ ಕೂಡಿಸುತ್ತಾರೆ. ಈ ಮಕ್ಕು ನಮ್ಮ ಗಣಿಗೆ ಎರಡು ವಿಧದಲ್ಲಿ ಉಪಯೋಗ: ಸಣ್ಣ ಆಳುಗಳನ್ನು ಜೋಡಿಸಲಿಕ್ಕೂ ಆಯಿತು, ಹಲಗೆಯ ಮೇಲೆ ಗುಡ್ಡ ಮೆತ್ತಲಿಕ್ಕೂ ಆಯಿತು. ಹುಣಸೆಬೀಜವಿಲ್ಲದ ಕನ್ನಡಿಗರ ಅಡುಗೆಮನೆ ಯಾವುದು? ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ ನೀರಿನಲ್ಲಿ ಕುದಿಸಿದರೆ ಗಂಜಿಯಂತಾಗುತ್ತದೆ. ಅದಕ್ಕೆ ಜರಡಿಯಾಡಿದ ಹೊಟ್ಟು ಬೆರೆಸಿದರಾಯಿತು. ಗಣಿಯವರ ಗುಡಿಸಲು, ಸೈಕಲ್ಲು ನಿಲ್ಲಿಸುವ ಚಪ್ಪರ, ಚಹದ ಅಂಗಡಿ, ಆಳುಗಳು ಎಲ್ಲವನ್ನೂ ಈ ಮೆತ್ತನೆಯ ಮರದಲ್ಲಿ ಮಾಡಬಹುದು. ಕತ್ತಿಯನ್ನು ಮಾತ್ರ ಹಿರಿಯರು ಹಿಡಿಯಲಿ.

ಇನ್ನು ವಿಶಾಖಪಟ್ಟಣದ ಹಾದಿ. ವಿಜಯವಾಡದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ೩೫೦ ಕಿಲೋಮೀಟರು. ಗೋದಾವರಿಯನ್ನು ದಾಟಿ, ವಿಶಾಖಪಟ್ಟಣ ಇನ್ನೊಂದು ಗಂಟೆಯ ದಾರಿ ಎನ್ನುವಾಗ ನರಸೀಪಟ್ಣಂ ರೋಡ್ ಎಂಬ ನಿಲ್ದಾಣ ಬರುತ್ತದೆ. ಅಲ್ಲಿಗೆ ಸಮೀಪ, ವರಾಹ ನದಿಯ ದಂಡೆಯಲ್ಲಿ ಏಟಿಕೊಪ್ಪಾಕ. ಇಲ್ಲಿಯ ಗೊಂಬೆಗಳು ಕೆತ್ತಿದವಲ್ಲ, ಚರಕಿಯ ಮೇಲೆ ತಿರುಗಿಸಿ ಅರಗಿನ ಬಣ್ಣ ಹಚ್ಚಿದವು. ಮೂಲೆಯಿಲ್ಲ, ಮೊನೆಯಿಲ್ಲ, ಎಲ್ಲವೂ ದುಂಡು. ಚನ್ನಪಟ್ಟಣದ ಬೊಂಬೆಯಂತಿದೆಯಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ಅದು ಬರಿಯ ಭ್ರಮೆಯಲ್ಲ. ಏಟಿಕೊಪ್ಪಾಕದವರು ಅಂಕುಡು ಎಂದು ಕರೆಯುವ ಮರವೂ ಚನ್ನಪಟ್ಟಣದವರು ಆಲೆಮರ ಎಂದು ಕರೆಯುವ ಮರವೂ ಒಂದೇ ಜಾತಿ. ಹಗ್ಗ ಸುತ್ತುವ ಉರುಳೆ, ಟಬ್ಬುಗಳ ಗಾಲಿ, ನೀರಿನ ತೊಟ್ಟಿ, ಗಣಿಯ ಕೆಟ್ಟ ಗಾಳಿಯನ್ನು ಹೊರಕ್ಕೆಳೆಯುವ ದೊಡ್ಡ ಫ್ಯಾನಿನ ಮನೆಯ ದುಂಡು ಗೂಡು, ಇವೆಲ್ಲ ಇಲ್ಲಿಯ ಚರಕಿಗೆ ತಕ್ಕ ಕೆಲಸ. ಊರಿಗೆ ಹೋಗಿ ಬರುವವರು ಚನ್ನಪಟ್ಟಣದಿಂದ ತಂದರೂ ಮರ ಬೇರೆಯಾಗದು.

ಹಲಗೆಯ ಮೇಲ್ಮೈಯನ್ನು ಹೀಗೆ ಹಂಚಬಹುದು. ಹಿಂದುಗಡೆ ಉದ್ದಕ್ಕೂ ದೊಡ್ಡ ಹಳಿ. ಅದರ ಮುಂದೆ ಎತ್ತರದ ಕಾಲುಗಳ ಮೇಲೆ ಇದ್ದಲಿನ ಕಣಜ. ಟಬ್ಬುಗಳು ಮೇಲೆ ಬಂದು ಇದರೊಳಕ್ಕೆ ಸುರಿಯುತ್ತವೆ, ಕೆಳಗೆ ಡಬ್ಬಿ ಬಂದು ನಿಂತಾಗ ಬಾಯಿ ತೆರೆದು ತುಂಬುತ್ತದೆ. ಎಡಗಡೆಯ ೪೦ ಸೆಂಟಿಮೀಟರಿನಲ್ಲಿ ಇನ್‌ಕ್ಲೈನಿನ ಬಾಯಿ. ನಾಲ್ಕು ಸೆಂಟಿಮೀಟರು ಮುಂದೆ ಹೋದರೆ ಒಂದು ಸೆಂಟಿಮೀಟರು ಇಳಿಯುವಂತೆ ಹಲಗೆಯ ಪಟ್ಟಿಯೊಂದನ್ನು ಓರೆಯಾಗಿ ಇಟ್ಟರೆ ಅದು ಕೊನೆಯಲ್ಲಿ ನೆಲದಿಂದ ೧೦ ಸೆಂಟಿಮೀಟರು ಕೆಳಗೆ ಮುಟ್ಟುತ್ತದೆ. ನೆಲಕ್ಕೆ ಜರಡಿ ಹಿಡಿದ ಕೆಮ್ಮಣ್ಣು, ನೆರಳಿರುವಲ್ಲಿ ಒಣಗಿಸಿದ ಚಹದ ಚರಟ. ಮರಗಳಿಗೆ ಒಣಗಿದ ಕೊತ್ತಂಬರಿ ಬೇರನ್ನು ತಲೆಕೆಳಗಾಗಿ ನೆಟ್ಟರೆ ಬೇಸಗೆಯ ಕಾಡೇ ಸರಿ. ಇದ್ದಲಿಗಾಗಿ ಯಾರೂ ರೈಲಿನ ಡಬ್ಬಿಗೆ ಕೈ ಹಾಕಬಾರದು. ಅದು ಕಳ್ಳತನವೂ ಹೌದು, ಪ್ರಾಣಕ್ಕೆ ಅಪಾಯವೂ ಹೌದು. ಇಸ್ತ್ರಿಯವನ ಬಳಿ ಸಿಗುವ ಮರದಿದ್ದಲನ್ನು ಕುಟ್ಟಿ ಜರಡಿ ಹಿಡಿದು, ಫೆವಿಕಾಲಿಗೆ ಅಷ್ಟೇ ನೀರು, ಒಂದು ಹನಿ ಸಾಬೂನಿನ ನೀರು ಬೆರೆಸಿ ತೊಟ್ಟು ತೊಟ್ಟಾಗಿ ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ನಿಜವಾದ ಕಲ್ಲಿದ್ದಲಿಗೆ ಹೊಳಪು ಹೆಚ್ಚು. ಒಣಗಿದ ಮೇಲೆ ತೆಳುವಾಗಿ ವಾರ್ನಿಷ್ ಸವರಿದರೆ ಆ ಹೊಳಪೂ ಬರುತ್ತದೆ.

ಇಲ್ಲಿಗೆ ಮುಗಿಸಿದರೂ ನೋಡುವವರು ಮೆಚ್ಚುತ್ತಾರೆ. ಆದರೆ ಇಷ್ಟಕ್ಕೇ ನಿಂತರೆ ಅದು ಗಣಿಯಲ್ಲ, ಗಣಿಯ ಹೊಸಿಲು. ಗಣಿ ಇರುವುದು ಕೆಳಗೆ. ಅದಕ್ಕಾಗಿ ಬಡಗಿಗೆ ಹೇಳಿ ಉಳಿದ ೮೦ ಸೆಂಟಿಮೀಟರಿನ ಕೆಳಗೆ, ಮೇಜಿನ ಖಾನೆಯಂತೆ ಎಳೆದರೆ ಹೊರಕ್ಕೆ ಬರುವ ಖಾನೆಯೊಂದನ್ನು ಮಾಡಿಸಬೇಕು. ನಿಜವಾದ ಆಳವನ್ನು ತೋರಿಸಲು ಹೊರಟರೆ ೨೦೦ ಮೀಟರಿಗೆ ಎರಡು ಮೀಟರು ಬೇಕಾಗಿ, ನಮ್ಮ ಗಣಿ ಕೆಳಗಿನ ಮನೆಯವರ ಅಡುಗೆಮನೆಯಲ್ಲಿ ತೇಲೀತು. ಹತ್ತು ಸೆಂಟಿಮೀಟರಿಗೆ ತೃಪ್ತರಾಗೋಣ.

ಖಾನೆಯೊಳಗೆ ಚದುರಂಗದ ಮನೆಗಳಂತೆ ಕಾಣುವ ಒಂದು ಊರನ್ನು ಮಾಡಬೇಕು. ಸುಮಾರು ೨೫ ಕೋಟಿ ವರ್ಷಗಳಿಗೂ ಹಿಂದಿನ ಕಾಡು ಹೂತು ಆದ ಪದರವನ್ನು ಪೂರ್ತಿಯಾಗಿ ಅಗೆದುಬಿಟ್ಟರೆ ಮೇಲಿನ ಬಂಡೆ ಕುಸಿಯುತ್ತದೆ. ಆದ್ದರಿಂದ ಉದ್ದಕ್ಕೂ ಅಡ್ಡಕ್ಕೂ ಓಣಿಗಳನ್ನು ತೋಡಿ, ನಡುವೆ ಚೌಕ ಚೌಕವಾಗಿ ಇದ್ದಲನ್ನೇ ಕಂಬಗಳಾಗಿ ಉಳಿಸುತ್ತಾರೆ. ಓಣಿ ೪.೮ ಮೀಟರಿಗಿಂತ ಅಗಲ, ೩ ಮೀಟರಿಗಿಂತ ಎತ್ತರ ಇರಬಾರದೆಂಬುದು ೧೯೫೭ರ ಕಲ್ಲಿದ್ದಲ ಗಣಿ ನಿಯಮಾವಳಿ ಹಾಕಿಕೊಟ್ಟ ಅಳತೆ. ಆಳ ಹೆಚ್ಚಿದಂತೆ ಕಂಬಗಳು ಇನ್ನೂ ದಪ್ಪವಾಗಬೇಕು. ನಮ್ಮ ಖಾನೆಯಲ್ಲಿ ೧೫ ಸೆಂಟಿಮೀಟರಿನ ಚೌಕಗಳನ್ನು, ೩ ಸೆಂಟಿಮೀಟರು ದಪ್ಪದ ಥರ್ಮಾಕೋಲಿನಲ್ಲಿ ಕೊಯ್ದು, ನಡುವೆ ೪.೮ ಸೆಂಟಿಮೀಟರು ದಾರಿ ಬಿಟ್ಟರೆ ೧೨ ಕಂಬಗಳು ಸರಿಯಾಗಿ ಕೂರುತ್ತವೆ. ದಾರಿಯಲ್ಲಿ ಎರಡಡಿ ಅಂತರದ ಹಳಿ ಎಂದರೆ ೬ ಮಿಲಿಮೀಟರು, ತಂತಿಯಿಂದ ಮಾಡಬಹುದು. ಅಲ್ಲಲ್ಲಿ ಬೆಂಕಿಕಡ್ಡಿಯ ಊರುಗೋಲು.

ಈಗ ಬಣ್ಣ. ಕೈಗೆ ಕುಂಚ ಕೊಟ್ಟರೆ ಮಕ್ಕಳು ಎಲ್ಲವನ್ನೂ ಕಪ್ಪು ಮಾಡಲು ಹೊರಡುತ್ತಾರೆ. ತಡೆಯಿರಿ. ಕಲ್ಲಿದ್ದಲ ಗಣಿಯ ಓಣಿಗಳು ಬಹಳ ಕಡೆ ಬೆಳ್ಳಗಿರುತ್ತವೆ! ಗಾಳಿಯಲ್ಲಿ ತೇಲುವ ಇದ್ದಲ ಧೂಳಿಗೆ ಕಿಡಿ ತಾಕಿದರೆ ಸಿಡಿಯುತ್ತದೆ. ಅದು ಹಬ್ಬದಂತೆ ತಡೆಯಲು ಗೋಡೆಗೂ ನೆಲಕ್ಕೂ ಸುಣ್ಣಕಲ್ಲಿನ ಪುಡಿಯನ್ನು ಎರಚಿರುತ್ತಾರೆ. ಇದ್ದಲು ಕತ್ತರಿಸುತ್ತಿರುವ ತುದಿಯ ಗೋಡೆಯೊಂದನ್ನು ಕಪ್ಪಾಗಿ ಬಿಟ್ಟು ಉಳಿದ ಕಡೆ ರಂಗೋಲಿಯ ಪುಡಿಯನ್ನು ಉದುರಿಸಿದರೆ ಸರಿಯಾಗುತ್ತದೆ. ಹಬ್ಬದ ಮನೆಯಲ್ಲಿ ರಂಗೋಲಿಗೆ ಇಂಥ ಉಪಯೋಗವೂ ಇರಲಿ.

ಇನ್ನುಳಿದದ್ದು ಜನ. ಖಾನೆಯಲ್ಲಿ ಹನ್ನೆರಡು ಆಳುಗಳನ್ನು ನಿಲ್ಲಿಸೋಣ. ಹಣೆಯ ಮೇಲೆ ಹಳದಿ ಚುಕ್ಕೆ, ಅದ��ವರ ದೀಪ. ಮೇಲೆ, ಇನ್‌ಕ್ಲೈನಿನ ಬಾಯಿಯ ಬಳಿ, ದೀಪದ ಮನೆಯೊಂದನ್ನು ತಪ್ಪದೆ ಕಟ್ಟಬೇಕು. ಗಣಿಗೆ ಇಳಿಯುವವನು ತನ್ನ ಸಂಖ್ಯೆಯ ದೀಪವನ್ನು ಅಲ್ಲಿಂದ ಪಡೆದು ಹೋಗಿ, ಪಾಳಿ ಮುಗಿಸಿ ಬಂದಾಗ ಅಲ್ಲಿಯೇ ಮರಳಿಸುತ್ತಾನೆ. ಆದುದರಿಂದ ಯಾರು ಕೆಳಗಿದ್ದಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಖಾಲಿಯಾದ ಜಾಗಗಳನ್ನು ಎಣಿಸಿದರೆ ಸಾಕು. ನಮ್ಮ ದೀಪದ ಮನೆಯ ಗೋಡೆಗೆ ಇಪ್ಪತ್ತು ಗುಂಡುಸೂಜಿಗಳನ್ನು ಚುಚ್ಚಿ, ಎಂಟಕ್ಕೆ ಹಳದಿ ಮಣಿ ಹಾಕಿದರೆ ಖಾಲಿಯಾದವು ಹನ್ನೆರಡು. ಮಕ್ಕಳಿಗೆ ಇದನ್ನು ವಿವರಿಸಿದರೆ ಆಟದ ನಿಯಮ ತಾನೇ ಹುಟ್ಟುತ್ತದೆ: ಆಳು ಮೇಲೆ ಬಂದರೆ ಮಣಿ ಸೂಜಿಗೆ, ಆಳು ಕೆಳಗೆ ಹೋದರೆ ಮಣಿ ಹೊರಗೆ.

ಇದೆಲ್ಲ ಹಬ್ಬದ ದಿನ ಆಡತಕ್ಕ ಮಾತೇ ಎಂದು ಕೇಳುವವರಿರಬಹುದು. ಜಾರ್ಖಂಡಿನ ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ೧೯೭೫ರ ಡಿಸೆಂಬರ್ ೨೭ರಂದು ನೀರು ನುಗ್ಗಿ ೩೭೫ ಜನ ಮಡಿದರು. ಸಿಂಗರೇಣಿಯಲ್ಲಿಯೇ, ಗೋದಾವರಿಖನಿಯ ಗಣಿಯೊಂದಕ್ಕೆ ೨೦೦೩ರ ಜೂನ್ ೧೬ರಂದು ನೀರು ನುಗ್ಗಿ ೧೭ ಜನ ತೀರಿಕೊಂಡರು. ಆ ಸಂಜೆ ಹದಿನೇಳು ಮನೆಗಳಲ್ಲಿ ಊಟಕ್ಕೆ ಕಾದವರಿದ್ದರು. ನಾವು ದಸರೆಯ ರಾತ್ರಿ ಮನೆ ತುಂಬ ದೀಪ ಹಾಕಿ ಗೊಂಬೆಗಳನ್ನು ಮೆರೆಸುವಾಗ ಆ ಬೆಳಕಿನ ಹಿಂದೆ ಇರುವವರನ್ನು ಮಕ್ಕಳಿಗೆ ತೋರಿಸುವುದು ಅಮಂಗಳವೆಂದು ನನಗೆ ತೋರುವುದಿಲ್ಲ. ಆಯುಧಪೂಜೆಯ ಅರ್ಥವೂ ಅದೇ ಅಲ್ಲವೆ?

ಹೆಣ್ಣುಮಕ್ಕಳಿರುವ ಮನೆಯಲ್ಲಿ "ಕೆಳಗೆ ಹೆಂಗಸರಿಲ್ಲವೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ೧೯೫೨ರ ಗಣಿ ಕಾಯಿದೆಯ ಪ್ರಕಾರ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ೨೦೧೯ರಲ್ಲಿ ಸರಕಾರ ಇದನ್ನು ಸಡಿಲಿಸಿ, ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ, ಹಗಲು ಹೊತ್ತಿನಲ್ಲಿ, ಕೆಲವು ಕಟ್ಟುಪಾಡುಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಹನ್ನೆರಡರಲ್ಲಿ ಒಂದು ಹೆಣ್ಣು ಗೊಂಬೆಯನ್ನು, ಕೈಯಲ್ಲಿ ನಕ್ಷೆ ಹಿಡಿಸಿ ನಿಲ್ಲಿಸಿದರೆ ಸುಳ್ಳಾಗದು.

ಇನ್ನೊಂದು ಮಾತನ್ನೂ ಬಿಡಬಾರದು. ಸಿಂಗರೇಣಿಯ ಇದ್ದಲಿನಲ್ಲಿ ಈಗ ಬಹುಪಾಲು ಬರುವುದು ಇಂಥ ಓಣಿಗಳಿಂದಲ್ಲ, ಆಕಾಶಕ್ಕೆ ತೆರೆದ ಬಯಲು ಗಣಿಗಳಿಂದ. ಅಲ್ಲಿ ಪದರದ ಮೇಲಿನ ಮಣ್ಣು ಬಂಡೆಗಳನ್ನೆಲ್ಲ ಯಂತ್ರಗಳಿಂದ ಎತ್ತಿ ಪಕ್ಕಕ್ಕೆ ಗುಡ್ಡ ಹಾಕುತ್ತಾರೆ. ಕೆಳಗಿಳಿಯುವ ಜನ ಕಡಿಮೆ, ಅಪಾಯವೂ ಕಡಿಮೆ. ಆದರೆ ನೆಲವೂ ಕಾಡೂ ಊರೂ ಜಾಗ ಬಿಡಬೇಕಾಗುತ್ತದೆ. ಅಂಥ ಗಣಿಯನ್ನು ನೂರರಲ್ಲೊಂದು ಪಾಲಿಗೆ ಇಳಿಸಿದರೂ ನಮ್ಮ ಹಲಗೆಗೆ ಹಿಡಿಯದು. ಹಲಗೆಯ ಬಲ ಮೂಲೆಯಲ್ಲಿ ಮರವಿಲ್ಲದ, ಮೇಲೆ ಚಪ್ಪಟೆಯಾದ ಬೂದು ಗುಡ್ಡವೊಂದನ್ನು ಮೆತ್ತಿ ಅದನ್ನು ಸೂಚಿಸಬಹುದು. ಕೇಳಿದವರಿಗೆ ಹೇಳಲು ಅದೂ ಒಂದು ನೆಪ.

ವಿಶಾಖಪಟ್ಟಣದಲ್ಲಿರುವ ಬಂಧುಗಳು ಮುನಿಸಿಕೊಳ್ಳಬೇಕಾಗಿಲ್ಲ. ಅವರು ಹಾದಿಯ ಇನ್ನೊಂದು ತುದಿಯನ್ನು ಮಾಡಬಹುದು. ನೀಲಿ ಬಣ್ಣದ ಹಲಗೆ, ೧೯೩೩ರಲ್ಲಿ ತೆರೆದ ಬಂದರು, ಡಾಲ್ಫಿನ್ಸ್ ನೋಸ್ ಗುಡ್ಡ, ದಡದಲ್ಲಿ ಹಡಗು, ಹಡಗಿನಿಂದ ಇಳಿದ ಇದ್ದಲ ರಾಶಿ, ದೂರದಲ್ಲಿ ಮೂರು ಊದುಕುಲುಮೆಗಳು. ಬಂದರಿನ ಸಮೀಪದ ಮನೆಯವರಿಗೆ ಇದ್ದಲ ಧೂಳನ್ನು ಬೇರೆ ತರಬೇಕಾಗಿಯೂ ಇಲ್ಲ, ಕಿಟಕಿಯ ಸರಳನ್ನು ಒರೆಸಿದರೆ ಸಾಕು ಎಂದು ಅಲ್ಲಿಯವರೇ ನಗುತ್ತಾರೆ. ಆ ನಗೆಯಲ್ಲಿ ಸ್ವಲ್ಪ ಕಹಿಯೂ ಉಂಟು. ಎರಡು ಮನೆಯವರೂ ಒಂದೇ ಅಳತೆಯಲ್ಲಿ ಮಾಡಿದ್ದರೆ, ಸಂಘದ ಹಬ್ಬಕ್ಕೆ ಸೇರಿದಾಗ ಹಲಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹಳಿ ಕೂಡಿಸಿಬಿಡಬಹುದು. ೩೫೦ ಕಿಲೋಮೀಟರಿನ ಹಾದಿ ಒಂದು ಗೇಣಿಗೆ ಬರುತ್ತದೆ.

ಅತಿಥಿಗಳು ಕುಂಕುಮ ತೆಗೆದುಕೊಂಡು, ಚರಪು ತಿಂದು, ರೈಲು ನೋಡಿ ಹೊಗಳಿ ಹೊರಡುತ್ತಾರೆ. ಖಾನೆಯನ್ನು ಎಳೆಯಿರೆಂದು ಮಕ್ಕಳೇ ಅವರಿಗೆ ಹೇಳಲಿ. ಹೇಳುವ ಕೆಲಸ ಹಿರಿಯರದಾಗದಿರಲಿ. ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಗೊಂಬೆಯೊಂದನ್ನು ಮಲಗಿಸುವ ಪದ್ಧತಿ ನಮ್ಮಲ್ಲಿ ಇದೆಯಷ್ಟೆ. ಅದಕ್ಕೆ ಮೊದಲು ಖಾನೆಯಿಂದ ಹನ್ನೆರಡು ಜನರನ್ನೂ ಒಬ್ಬೊಬ್ಬರನ್ನಾಗಿ ಮೇಲೆ ತಂದು, ಇಪ್ಪತ್ತು ಸೂಜಿಗಳಿಗೂ ಮಣಿ ಸೇರಿದೆಯೇ ಎಂದು ಮನೆಯ ಎಲ್ಲಕ್ಕಿಂತ ಚಿಕ್ಕ ಮಗುವಿನ ಕೈಯಿಂದ ಎಣಿಸಬೇಕು. ಲೆಕ್ಕ ಸರಿಹೋದ ಮೇಲೆ ಖಾನೆಯನ್ನು ಮುಚ್ಚಿ ದೀಪ ಆರಿಸಬಹುದು.